ಮಗಳು ‘ಹೂಂ’ ಅಂದಳು: ನಮ್ಮ ನಾಯಕಿಯರು ಮತ್ತು ಅವರ ಹಿರಿಯರು



ತಂದೆತಾಯಿಯ ನೆನಪಿಗೆಂದು ಮಕ್ಕಳು ಇಟ್ಟ ದತ್ತಿಯ ವೇದಿಕೆಯಲ್ಲಿ ನಿಂತು, ಮಗಳ ಸುಖಕ್ಕೆ ಅಡ್ಡವಾದ ತಂದೆತಾಯಿಗಳ ಬಗ್ಗೆ ಮಾತಾಡುವುದು ಸ್ವಲ್ಪ ಇಕ್ಕಟ್ಟಿನ ಕೆಲಸ. ವಿಷಯವನ್ನು ಮೊದಲೇ ತಿಳಿಸಿದ್ದೆ. ದಾನಿಗಳು ನಕ್ಕು, ಅಪ್ಪ ಇದ್ದಿದ್ದರೆ ಮುಂದಿನ ಸಾಲಿನಲ್ಲೇ ಕೂತು ಕೇಳುತ್ತಿದ್ದರು, ಆಮೇಲೆ ನಿಮ್ಮೊಡನೆ ಜಗಳಕ್ಕೂ ಬರುತ್ತಿದ್ದರು ಎಂದರು. ಆ ಧೈರ್ಯದ ಮೇಲೆ ಶುರು ಮಾಡುತ್ತೇನೆ.

ಕಥೆ ಎಂದಮೇಲೆ ನಾಯಕಿಯ ದಾರಿಗೆ ಒಂದು ಅಡ್ಡಿ ಬೇಕು. ಅಜ್ಜಿಕಥೆಗಳಲ್ಲಿ ಆ ಕೆಲಸಕ್ಕೆ ಮಲತಾಯಿ ಇದ್ದಾಳೆ. ನಮ್ಮ ಹಳೆಯ ಸಿನಿಮಾಗಳಲ್ಲಿ ಕೋವಿ ಹಿಡಿದ ಶ್ರೀಮಂತ ಅಪ್ಪ ಇದ್ದಾನೆ. ಇವರಿಂದ ಓದುಗನಿಗೆ ತೊಂದರೆಯೇನೂ ಇಲ್ಲ. ಇವರನ್ನು ದ್ವೇಷಿಸಬಹುದು, ಕೊನೆಗೆ ಇವರು ಸೋತಾಗ ಚಪ್ಪಾಳೆ ತಟ್ಟಬಹುದು. ನಾನು ಇವತ್ತು ಹೇಳಹೊರಟಿರುವುದು ಇವರ ಸುದ್ದಿಯಲ್ಲ. ನಮ್ಮ ಸಾಹಿತ್ಯದಲ್ಲಿ ಹಿರಿಯರ ದಬ್ಬಾಳಿಕೆ ಅತ್ಯಂತ ಭಾರವಾಗಿರುವ ಕಡೆಗಳಲ್ಲಿ ಯಾರೂ ದನಿ ಎತ್ತುವುದಿಲ್ಲ, ಕೈ ಎತ್ತುವುದೂ ಇಲ್ಲ. ಮಗಳು ‘ಹೂಂ’ ಅನ್ನುತ್ತಾಳೆ, ಅಷ್ಟೆ. ಆ ‘ಹೂಂ’ ಅನ್ನು ಅವಳಿಂದ ಹೊರಡಿಸಿದವರು ಯಾರು, ಅದನ್ನು ಅವಳ ಬಾಯಲ್ಲಿ ಬರೆದವರು ಯಾರು, ಬರೆಯಲು ಒಪ್ಪದವರು ಯಾರು ಎಂಬುದು ನನ್ನ ವಿಷಯ.

ಮಹಾಭಾರತದ ಯಯಾತಿಯ ಕಥೆಯಿಂದ ಹೊರಡುವುದು ಒಳ್ಳೆಯದು. ಒಂದೇ ಕಥೆಯಲ್ಲಿ ಮೂವರು ಅಪ್ಪಂದಿರು ಸಿಗುತ್ತಾರೆ.

ಮೊದಲನೆಯವನು ಅಸುರರ ದೊರೆ ವೃಷಪರ್ವ. ಅವನ ಮಗಳು ಶರ್ಮಿಷ್ಠೆಗೂ ಗುರು ಶುಕ್ರಾಚಾರ್ಯರ ಮಗಳು ದೇವಯಾನಿಗೂ ಜಳಕದ ಹೊತ್ತಿನಲ್ಲಿ ಬಟ್ಟೆ ಅದಲುಬದಲಾಗಿ ಜಗಳವಾಗುತ್ತದೆ. ಹುಡುಗಿಯರ ಜಗಳ. ಮಾತಿಗೆ ಮಾತು ಬೆಳೆದು ಶರ್ಮಿಷ್ಠೆ ದೇವಯಾನಿಯನ್ನು ಬಾವಿಗೆ ತಳ್ಳಿ ಹೋಗುತ್ತಾಳೆ. ತಪ್ಪು ದೊಡ್ಡದೇ. ಮೇಲೆ ಬಂದ ದೇವಯಾನಿ ಕೇಳುವ ಪರಿಹಾರವೇನು? ಸಾವಿರ ದಾಸಿಯರೊಡನೆ ರಾಜಕುಮಾರಿಯೇ ತನ್ನ ದಾಸಿಯಾಗಬೇಕು. ಶುಕ್ರರು ಊರು ಬಿಟ್ಟು ಹೊರಡುತ್ತೇನೆ ಎಂದಿದ್ದಾರೆ. ಸತ್ತ ಅಸುರರನ್ನು ಬದುಕಿಸುವ ವಿದ್ಯೆ ಇರುವುದು ಅವರೊಬ್ಬರಲ್ಲಿ. ವೃಷಪರ್ವ ಒಂದು ಗಳಿಗೆಯೂ ಯೋಚಿಸುವುದಿಲ್ಲ, ಮಗಳಿಗೆ ಹೇಳಿಕಳಿಸುತ್ತಾನೆ. ಶರ್ಮಿಷ್ಠೆ ಅಳುವುದಿಲ್ಲ, ವಾದಿಸುವುದಿಲ್ಲ. ನನ್ನಿಂದಾಗಿ ಗುರುಗಳು ಹೋಗುವುದು ಬೇಡ, ನಾನು ದಾಸಿಯಾಗುತ್ತೇನೆ ಎಂದು ಪಲ್ಲಕ್ಕಿ ಏರಿ ಬರುತ್ತಾಳೆ. ಕುಲಕ್ಕಾಗಿ ಮಾಡಿದ ತ್ಯಾಗವೆಂದು ಇದನ್ನು ಹೊಗಳುವುದು ವಾಡಿಕೆ. ಅಪ್ಪ ಸೈನ್ಯದ ಲೆಕ್ಕ ಹಾಕಿದ, ಮಗಳು ಅದಕ್ಕೆ ರುಜು ಹಾಕಿದಳು ಎಂದು ಓದಿಕೊಂಡರೂ ಶ್ಲೋಕದಲ್ಲಿ ಒಂದಕ್ಷರ ಬದಲಾಗುವುದಿಲ್ಲ.

ಎರಡನೆಯವರು ಶುಕ್ರಾಚಾರ್ಯರು. ಇವರ ದೋಷ ಬೇರೆ ಬಗೆಯದು. ಮಗಳು ಕೇಳಿದ್ದಕ್ಕೆ ಇಲ್ಲ ಎಂದದ್ದೇ ಇಲ್ಲ. ದೇವಯಾನಿಯ ಸಂಸಾರದ ಪ್ರತಿ ತಿರುವಿನಲ್ಲೂ ಅಪ್ಪನ ನೆರಳಿದೆ. ಗಂಡ ಶರ್ಮಿಷ್ಠೆಯಲ್ಲಿ ಮಕ್ಕಳನ್ನು ಪಡೆದದ್ದು ತಿಳಿದಾಗ ಅವಳು ಓಡುವುದು ಅಪ್ಪನ ಬಳಿಗೆ. ಅಪ್ಪ ಅಳಿಯನಿಗೆ ಮುಪ್ಪಿನ ಶಾಪ ಕೊಡುತ್ತಾರೆ. ಮುದುಕನಾದ ಗಂಡನ ಜೊತೆ ಬಾಳಬೇಕಾದವಳು ಯಾರು? ಮಗಳೇ. ಅತಿಪ್ರೀತಿಯ ಅಪ್ಪನೂ ಮಗಳ ಸುಖಕ್ಕೆ ಅಡ್ಡಿಯಾಗಬಲ್ಲ ಎಂಬುದನ್ನು ವ್ಯಾಸರು ಒಂದು ಶಾಪದಲ್ಲಿ ಮುಗಿಸಿಬಿಡುತ್ತಾರೆ. ನಾವು ಅದನ್ನು ಅಳಿಯನ ಕಥೆಯಾಗಿಯೇ ಓದುತ್ತ ಬಂದಿದ್ದೇವೆ.

ಮೂರನೆಯವನು ಯಯಾತಿಯೇ. ಮಕ್ಕಳ ಪ್ರಾಯ ಬೇಡಿದ ಯಯಾತಿ ಎಲ್ಲರಿಗೂ ಗೊತ್ತು. ಅದು ಆದಿಪರ್ವದಲ್ಲಿದೆ. ಉದ್ಯೋಗಪರ್ವದಲ್ಲಿ ಬರುವ, ಮಗಳನ್ನು ಕೊಟ್ಟ ಯಯಾತಿ ಅಷ್ಟಾಗಿ ಪ್ರಸಿದ್ಧನಲ್ಲ. ವಿಶ್ವಾಮಿತ್ರರ ಶಿಷ್ಯ ಗಾಲವ ಗುರುದಕ್ಷಿಣೆ ಏನು ಕೊಡಲಿ ಎಂದು ಪೀಡಿಸುತ್ತಾನೆ. ಬೇಸತ್ತ ಗುರು, ಒಂದೊಂದು ಕಿವಿ ಮಾತ್ರ ಕಪ್ಪಾಗಿರುವ 800 ಬಿಳಿಯ ಕುದುರೆ ತಾ ಎನ್ನುತ್ತಾರೆ. ಗಾಲವ ಯಯಾತಿಯ ಬಾಗಿಲಿಗೆ ಬರುತ್ತಾನೆ. ಯಯಾತಿಯ ಬಳಿ ಕುದುರೆಗಳಿಲ್ಲ. ಆದರೆ ಕೊಡುಗೈ ದೊರೆ ಎಂಬ ಹೆಸರಿದೆ, ಬಂದವನನ್ನು ಬರಿಗೈಲಿ ಕಳಿಸಿದರೆ ಅದು ಉಳಿಯುವುದಿಲ್ಲ. ಆದ್ದರಿಂದ ಮಗಳು ಮಾಧವಿಯನ್ನು ಕೊಡುತ್ತಾನೆ. ಇವಳಿಗಾಗಿ ರಾಜರು ರಾಜ್ಯವನ್ನೇ ಕೊಟ್ಟಾರು, 800 ಕುದುರೆ ಯಾವ ದೊಡ್ಡದು ಎಂಬ ಸಮಾಧಾನ ಬೇರೆ.

ಅಯೋಧ್ಯೆಯ ಹರ್ಯಶ್ವ 200 ಕುದುರೆ ಕೊಟ್ಟು ಅವಳಲ್ಲಿ ಒಬ್ಬ ಮಗನನ್ನು ಪಡೆಯುತ್ತಾನೆ. ಆಮೇಲೆ ಕಾಶಿಯ ದಿವೋದಾಸ, ಆಮೇಲೆ ಭೋಜನಗರದ ಉಶೀನರ, ಅದೇ ದರ, ಅದೇ ಕರಾರು. ಅಷ್ಟಕ್ಕೆ 600 ಆಯಿತು. ಅಂಥ ಕುದುರೆ ಲೋಕದಲ್ಲಿ ಇನ್ನಿಲ್ಲ. ಉಳಿದ 200ಕ್ಕೆ ಬದಲಾಗಿ ವಿಶ್ವಾಮಿತ್ರರೇ ಮಾಧವಿಯನ್ನು ಇಟ್ಟುಕೊಂಡು ಒಬ್ಬ ಮಗನನ್ನು ಪಡೆಯುತ್ತಾರೆ. ಈ ಕುದುರೆಗಳ ಪೂರ್ವಕಥೆಯನ್ನೂ ಅಲ್ಲೇ ಹೇಳಿದೆ. ವಿಶ್ವಾಮಿತ್ರರ ತಂದೆ ಗಾಧಿ, ತನ್ನ ಮಗಳು ಸತ್ಯವತಿಯನ್ನು ಋಚೀಕನಿಗೆ ಕೊಡುವಾಗ ಕನ್ಯಾಶುಲ್ಕವಾಗಿ ಕೇಳಿ ಪಡೆದ 1000 ಕುದುರೆಗಳಲ್ಲಿ ಅವು ಉಳಿದವು. 400 ವಿತಸ್ತಾ ನದಿಯಲ್ಲಿ ಕೊಚ್ಚಿಹೋದವು. ಒಬ್ಬ ಮಗಳ ಬೆಲೆಯಾಗಿ ಬಂದ ಕುದುರೆಗಳನ್ನು ಕೂಡಿಸಲು ಇನ್ನೊಬ್ಬ ಮಗಳು ಮನೆಯಿಂದ ಮನೆಗೆ ನಡೆದಳು. ಈ ವಿವರವನ್ನು ಅಲ್ಲಿ ಇಟ್ಟ ಕವಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತಿತ್ತು ಎಂದೇ ನನ್ನ ನಂಬಿಕೆ.

ಇಲ್ಲಿಯೂ ‘ಹೂಂ’ ಇದೆ. ಪ್ರತಿ ಹೆರಿಗೆಯ ನಂತರ ಮತ್ತೆ ಕನ್ಯೆಯಾಗುವ ವರ ತನಗಿದೆ, ಆದ್ದರಿಂದ ನಾಲ್ವರು ರಾಜರಿಗೆ ಕೊಟ್ಟು ನಿನ್ನ ಲೆಕ್ಕ ಪೂರೈಸಿಕೋ ಎಂದು ಗಾಲವನಿಗೆ ಉಪಾಯ ಹೇಳುವವಳು ಮಾಧವಿಯೇ. ಅವಳೇ ಹೇಳಿದಳಲ್ಲ ಎಂದಮೇಲೆ ಅಪ್ಪನ ಪಾಲಿನ ಪಾಪ ಎಲ್ಲಿ ಉಳಿಯಿತು? ಒಂದು ಸಂಗತಿ ಗಮನಿಸಬೇಕು. ಯಯಾತಿ ಪ್ರಾಯ ಬೇಡುವಾಗ ಐದೂ ಗಂಡುಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳುತ್ತಾನೆ. ನಾಲ್ವರು ಒಲ್ಲೆ ಅಂದರು, ಶಾಪ ಪಡೆದರು. ಪೂರು ಒಪ್ಪಿದ, ಸಿಂಹಾಸನ ಪಡೆದ. ಒಲ್ಲೆ ಅನ್ನಲು ಅವರಿಗೆ ಒಂದು ಅವಕಾಶವಾದರೂ ಇತ್ತು. ಮಾಧವಿಯನ್ನು ಯಾರೂ ಕೇಳಲೇ ಇಲ್ಲ. ಎಲ್ಲ ಮುಗಿಸಿ ಮನೆಗೆ ಬಂದ ಮಗಳಿಗೆ ಅಪ್ಪ ಸ್ವಯಂವರ ಏರ್ಪಡಿಸುತ್ತಾನೆ. ನೆರೆದ ರಾಜರನ್ನೆಲ್ಲ ದಾಟಿ ಅವಳು ಕಾಡನ್ನು ವರಿಸುತ್ತಾಳೆ. ಇಡೀ ಕಥೆಯಲ್ಲಿ ಅವಳು ತನಗಾಗಿ ಮಾಡಿಕೊಂಡ ಆಯ್ಕೆ ಅದೊಂದೇ. ಅಲ್ಲಿಗೂ ಬಿಡುಗಡೆಯಿಲ್ಲ. ಸ್ವರ್ಗದಲ್ಲಿ ಅಹಂಕಾರಪಟ್ಟು ಕೆಳಗೆ ಬಿದ್ದ ಯಯಾತಿಯನ್ನು ಮತ್ತೆ ಮೇಲಕ್ಕೇರಿಸಲು ಮಾಧವಿಯ ನಾಲ್ಕು ಮಕ್ಕಳು ತಮ್ಮ ಪುಣ್ಯ ಕೊಡುತ್ತಾರೆ. ಅವಳೂ ತನ್ನ ಪುಣ್ಯದಲ್ಲಿ ಅರ್ಧ ಕೊಡುತ್ತಾಳೆ. ಅಪ್ಪ ಇಹದಲ್ಲಿ ಮಗಳ ಮೈಯಿಂದ ಕೀರ್ತಿ ಉಳಿಸಿಕೊಂಡ, ಪರದಲ್ಲಿ ಮಗಳ ತಪಸ್ಸಿನಿಂದ ಜಾಗ ಉಳಿಸಿಕೊಂಡ.

ಈ ಮಾಧವಿಯನ್ನು ಅನುಪಮಾ ನಿರಂಜನರು ಕನ್ನಡದಲ್ಲಿ ಕಾದಂಬರಿಯಾಗಿಸಿದರು. ಹಿಂದಿಯಲ್ಲಿ ಭೀಷ್ಮ ಸಾಹನಿ ನಾಟಕವಾಗಿಸಿದರು. ಇಬ್ಬರ ಕೃತಿಯ ಹೆಸರೂ ‘ಮಾಧವಿ’ಯೇ. ಮರಾಠಿಯ ವಿ.ಸ. ಖಾಂಡೇಕರರ ಕಾದಂಬರಿಗೆ ಮಾತ್ರ ಹೆಸರು ‘ಯಯಾತಿ’. ಜ್ಞಾನಪೀಠ ಬಂದದ್ದು ಅಪ್ಪನಿಗೆ. ಇದು ತಮಾಷೆಗೆ ಹೇಳಿದ ಮಾತು, ಖಾಂಡೇಕರರ ಅಭಿಮಾನಿಗಳು ಸಿಟ್ಟಾಗಬಾರದು.

ಇನ್ನು ನಮ್ಮ ಜನಪದದ ಕಡೆ ಬರೋಣ. ‘ಕೆರೆಗೆ ಹಾರ’ ಗೊತ್ತಿಲ್ಲದ ಕನ್ನಡಿಗರು ಈ ಸಭೆಯಲ್ಲಿ ಇರಲಾರರು. ಶಾಲೆಯಲ್ಲಿ ಅದನ್ನು ತ್ಯಾಗದ ಪಾಠವಾಗಿ ಓದಿದವರೇ ಹೆಚ್ಚು. ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬೀಳಲಿಲ್ಲ, ಸೊಸೆಯನ್ನು ಬಲಿ ಕೊಡಬೇಕೆಂದಾಯಿತು. ಹಿರಿಸೊಸೆ ಹೋದರೆ ಮನೆಯ ಹಿರಿತನ ನಡೆಸುವವರಿಲ್ಲ. ಕಿರಿಸೊಸೆ ಭಾಗೀರತಿ ಇದ್ದಾಳೆ, ಗಂಡ ದಂಡಿನಲ್ಲಿದ್ದಾನೆ. ಮಾವನ ಈ ಲೆಕ್ಕಾಚಾರ ಭೀಕರ, ಒಪ್ಪುತ್ತೇನೆ. ನನ್ನನ್ನು ಹೆಚ್ಚು ಕಾಡುವುದು ಅದರ ನಡುವಿನ ಭಾಗ. ಸುದ್ದಿ ಕೇಳಿದ ಭಾಗೀರತಿ ತವರಿಗೆ ಓಡುತ್ತಾಳೆ. ಅಪ್ಪ ಕೇಳುತ್ತಾನೆ, ಯಾಕೆ ಕಣ್ಣೀರು? ಅವಳು ನಿಜ ಹೇಳುವುದಿಲ್ಲ. ಅತ್ತೆಮಾವ ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ಅಪ್ಪ ಹೊಲಮನೆ ಕೊಡುವ ಮಾತಾಡುತ್ತಾನೆ. ತಾಯಿ ಕಿವಿಯ ಒಡವೆಯ ಮಾತಾಡುತ್ತಾಳೆ. ಪ್ರೀತಿಗೆ ಕೊರತೆ ಇಲ್ಲ. ಆದರೆ ಮಗಳ ಮುಖ ನೋಡಿ, ಇದು ಹೊಲದಿಂದ ತೀರುವ ದುಃಖವಲ್ಲ ಎಂದು ಗುರುತಿಸುವ ಕಣ್ಣು ಆ ಮನೆಯಲ್ಲಿಲ್ಲ. ನಿಜವನ್ನು ಅವಳು ಹೇಳುವುದು ಗೆಳತಿಗೆ. ಆ ಗೆಳತಿಯೂ, ಕೊಡುವುದಾದರೆ ಕೊಡಲಿ, ಇಟ್ಟ ಹಾಗೆ ಇರಬೇಕು ಎಂಬರ್ಥದ ಬುದ್ಧಿ ಹೇಳಿ ಕಳಿಸುತ್ತಾಳೆ.

ಭಾಗೀರತಿ ಅಪ್ಪನಿಗೆ ಯಾಕೆ ನಿಜ ಹೇಳಲಿಲ್ಲ? ಹೇಳಿದ್ದರೆ ಆ ಅಪ್ಪ ಕೋಲು ಹಿಡಿದು ಬೀಗರ ಊರಿಗೆ ಹೋಗುತ್ತಿದ್ದನೆ, ಅಥವಾ ಗೆಳತಿಯ ಮಾತನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತಿದ್ದನೆ? ಎರಡನೆಯದೇ ಆದೀತೆಂದು ಅವಳಿಗೆ ಅನ್ನಿಸಿರಬೇಕು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದ ಹುಡುಗಿ ತವರಿನ ಪ್ರೀತಿಯನ್ನು ಪರೀಕ್ಷೆಗೆ ಒಡ್ಡಲು ಹೆದರುತ್ತಾಳೆ. ಅಪ್ಪ ಸೋತರೆ ಅವಳಿಗೆ ಸಾಯುವ ಮುಂಚೆ ತವರೂ ಇಲ್ಲದಂತಾಗುತ್ತದೆ. ಆದ್ದರಿಂದ ಸುಳ್ಳು ಹೇಳಿ ತವರನ್ನು ಕಾಪಾಡಿಕೊಂಡಳು ಎಂದು ನಾನು ಓದುತ್ತೇನೆ. ಹಾಡುಗಾರ್ತಿಯರು ಈ ಒಂದು ಸುಳ್ಳಿನಲ್ಲಿ ಎಷ್ಟು ಹೇಳಿದ್ದಾರೆ! ನಮ್ಮ ಅನೇಕ ಕಾದಂಬರಿಕಾರರಿಗೆ ನೂರು ಪುಟದಲ್ಲೂ ಅಷ್ಟು ಹೇಳಲಾಗಿಲ್ಲ.

ಹೆತ್ತವರೇ ಒತ್ತೆಯಾಳುಗಳಾಗುವ ಬಗೆಯೂ ಒಂದಿದೆ. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಉಡುತಡಿಯ ಕೌಶಿಕರಾಜ ಅಕ್ಕನ ರೂಪಕ್ಕೆ ಮರುಳಾಗಿ ಹೆಣ್ಣು ಕೇಳಿಸುತ್ತಾನೆ. ಕೊಡದಿದ್ದರೆ ತಾಯಿತಂದೆಯ ಜೀವಕ್ಕೆ ಅಪಾಯ. ಅವರು ಕೆಟ್ಟವರಲ್ಲ, ಶಿವಭಕ್ತರು. ಹೆದರಿದ್ದಾರೆ, ಮಗಳ ಎದುರು ಅಂಗಲಾಚುತ್ತಾರೆ. ಮಹಾದೇವಿ ಒಪ್ಪುತ್ತಾಳೆ. ಆದರೆ ಅವಳ ‘ಹೂಂ’ ಬರಿಯ ‘ಹೂಂ’ ಅಲ್ಲ, ಅದಕ್ಕೆ ಷರತ್ತುಗಳಿವೆ. ಷರತ್ತು ಮುರಿದ ದಿನ ಅರಮನೆಯೂ ಇಲ್ಲ, ತವರೂ ಇಲ್ಲ ಎಂದು ಎದ್ದು ನಡೆಯುತ್ತಾಳೆ. ಚಾಮರಸನ ‘ಪ್ರಭುಲಿಂಗಲೀಲೆ’ ಈ ಮದುವೆಯನ್ನೇ ನಡೆಯಗೊಡುವುದಿಲ್ಲ. ಅಕ್ಕನ ಘನತೆಗೆ ಅದೇ ಮೇಲು ಎಂದು ಹೇಳುವವರಿದ್ದಾರೆ. ನನಗೆ ಹರಿಹರನೇ ಹೆಚ್ಚು ನಿಜ. ಹೆತ್ತವರ ಕಣ್ಣೀರಿಗೆ ಒಮ್ಮೆ ಮಣಿದ ಅಕ್ಕ ನಮ್ಮ ಮನೆಗಳ ಹುಡುಗಿಯರಿಗೆ ಹತ್ತಿರದವಳು.

ಈಗ ಗಿರೀಶ ಕಾರ್ನಾಡರು. ‘ಯಯಾತಿ’ ಪ್ರಕಟವಾದದ್ದು 1961ರಲ್ಲಿ, ಧಾರವಾಡದ ಮನೋಹರ ಗ್ರಂಥಮಾಲೆಯಿಂದ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟಿದ್ದ ತರುಣ, ಮನೆಯವರ ಆತಂಕ ಮತ್ತು ಒತ್ತಾಯಗಳ ನಡುವೆ ಬರೆದ ನಾಟಕ ಅದು. ನಿನ್ನ ಭವಿಷ್ಯವನ್ನು ನಮಗಾಗಿ ಬಿಟ್ಟುಕೊಡು ಎಂದು ಕೇಳುವವರ ಮೇಲಿನ ಅಸಮಾಧಾನ ಆ ಪುರಾಣದಲ್ಲಿ ಹೊರಬಂದಿತ್ತೆಂದು ಮುಂದೆ ಅವರೇ ಬರೆದುಕೊಂಡಿದ್ದಾರೆ. ಹೀಗಾಗಿ ಅದು ಮಗನ ನಾಟಕ, ಪೂರುವಿನ ನಾಟಕ. ಆದರೆ ಆ ನಾಟಕದ ಎದೆ ಇರುವುದು ಮೂಲದಲ್ಲಿ ಇಲ್ಲದ ಒಂದು ಪಾತ್ರದಲ್ಲಿ, ಪೂರುವಿನ ಹೆಂಡತಿ ಚಿತ್ರಲೇಖೆಯಲ್ಲಿ. ಗಂಡ ಅಪ್ಪನ ಮುಪ್ಪನ್ನು ಹೊತ್ತ ಎಂದು ತಿಳಿದಾಗ ಅವಳಿಗೆ ಮೊದಲು ಹೆಮ್ಮೆಯೇ ಆಗುತ್ತದೆ. ದೀಪದ ಬೆಳಕಲ್ಲಿ ಅವನ ಮುಖ ಕಂಡಮೇಲೆ ಹೆಮ್ಮೆ ಉಳಿಯುವುದಿಲ್ಲ. ಮಾವ ಬಂದು, ಸಾಮಾನ್ಯಳಂತೆ ಆಡಬೇಡ, ಗಂಡನ ತ್ಯಾಗಕ್ಕೆ ತಕ್ಕವಳಾಗು ಎಂದು ಬುದ್ಧಿ ಹೇಳುತ್ತಾನೆ.

ಇಲ್ಲಿಯವರೆಗೆ ನಾನು ಹೇಳಿದ ಎಲ್ಲ ಕಥೆಗಳಲ್ಲಿ ಹುಡುಗಿ ‘ಹೂಂ’ ಅನ್ನಬೇಕಾದ ಜಾಗ ಇದೇ. ಚಿತ್ರಲೇಖೆ ಅನ್ನುವುದಿಲ್ಲ. ಮಾವನ ತರ್ಕವನ್ನೇ ಹಿಡಿದು ಕೊನೆಯ ತನಕ ಎಳೆಯುತ್ತಾಳೆ. ನಾನು ವರಿಸಿದ್ದು ಪೂರುವಿನ ಯೌವನವನ್ನು, ಅದು ಈಗ ನಿಮ್ಮಲ್ಲಿದೆ, ಹಾಗಾದರೆ ನನ್ನನ್ನು ನೀವೇ ಸ್ವೀಕರಿಸಿ ಎಂಬ ಅವಳ ಮಾತಿಗೆ ಯಯಾತಿ ತತ್ತರಿಸುತ್ತಾನೆ. ಅಧರ್ಮ ಎಂದು ಕೂಗುತ್ತಾನೆ. ಮಗನ ಆಯುಸ್ಸು ಎತ್ತಿಕೊಳ್ಳುವಾಗ ಅಡ್ಡ ಬಾರದ ಧರ್ಮ, ಸೊಸೆ ತನ್ನ ಪಾಲು ಕೇಳಿದಾಗ ಓಡಿ ಬಂತು. ಅವಳು ವಿಷ ಕುಡಿದ ಮೇಲೆಯೇ ಅವನಿಗೆ ಮುಪ್ಪನ್ನು ಹಿಂದಕ್ಕೆ ಪಡೆಯುವ ಬುದ್ಧಿ ಬರುವುದು. ಚಿತ್ರಲೇಖೆಯನ್ನು ಸಾಯಿಸದೆ ಬಿಡಬಹುದಿತ್ತಲ್ಲ ಎಂದು ಪ್ರತಿ ಸಲ ಓದಿದಾಗಲೂ ಅನ್ನಿಸುತ್ತದೆ. ಅವಳು ಬದುಕಿ ಉಳಿದಿದ್ದರೆ ಯಯಾತಿಯ ಜ್ಞಾನೋದಯ ಇಷ್ಟು ಸುಲಭಕ್ಕೆ ಆಗುತ್ತಿರಲಿಲ್ಲ.

ಹೊಸಗನ್ನಡ ಕಾದಂಬರಿಯ ಆರಂಭದಲ್ಲಿ ಪರಿಸ್ಥಿತಿ ಬೇರೆ ಇತ್ತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂತು. ವೆಂಕಟರಾಯರು ಪೊಲೀಸ್ ಇಲಾಖೆಯಲ್ಲಿದ್ದವರು, ಮನೆಯೊಳಗಿನ ಅಪರಾಧಗಳನ್ನೂ ಅಧಿಕಾರಿಯ ಕಣ್ಣಿನಿಂದಲೇ ಕಂಡವರು. ಬಾಲವಿಧವೆ ಇಂದಿರೆಯ ತಾಯಿ ಅಂಬಾಬಾಯಿ, ತಂದೆ ಭೀಮರಾಯ ಇಬ್ಬರೂ ಕಪಟ ಸಂತರ ಭಕ್ತರು. ಮಗಳನ್ನು ಆ ಸಂತರ ಸೇವೆಗೆ ಹಚ್ಚಲು ನೋಡುತ್ತಾರೆ. ಇಂದಿರೆ ಮನೆ ಬಿಟ್ಟು ಅಮೃತರಾಯನ ಆಶ್ರಯ ಸೇರುತ್ತಾಳೆ, ಓದುತ್ತಾಳೆ, ಭಾಸ್ಕರರಾಯನನ್ನು ಮದುವೆಯಾಗುತ್ತಾಳೆ. ಸುಖವಾಗಿರುತ್ತಾಳೆ! ಸುಧಾರಣೆಯ ಹುರುಪಿನಲ್ಲಿ ಬರೆದ ಕಾದಂಬರಿಗೆ ಕೆಟ್ಟ ಅಪ್ಪ ಅಮ್ಮ ಅನುಕೂಲವಾಗಿ ಒದಗಿಬಂದರು. ಕೆಟ್ಟವರಿಗೆ ‘ಒಲ್ಲೆ’ ಅನ್ನುವುದು ಸುಲಭ. ಕಲೆಯ ದೃಷ್ಟಿಯಿಂದ ಆ ಪಾತ್ರಗಳು ತೆಳು. ಆದರೂ ವಿಧವೆಯೊಬ್ಬಳು ಹೆತ್ತವರ ಮನೆಯ ಹೊಸಿಲು ದಾಟಿ, ಶಾಪ ತಟ್ಟದೆ, ಬಾಳಿ ತೋರಿಸಿದ್ದು 1899ರಲ್ಲಿ. ಈ ಇಸವಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕುವೆಂಪು ಒಬ್ಬರಲ್ಲೇ ಎರಡೂ ಬಗೆ ಇದೆ. 1936ರ ‘ಕಾನೂರು ಹೆಗ್ಗಡಿತಿ’ಯಲ್ಲಿ ಸೀತೆಯ ಮನಸ್ಸು ಹೂವಯ್ಯನ ಮೇಲೆ, ಮದುವೆಯಾದದ್ದು ಚಂದ್ರಯ್ಯಗೌಡರ ಮಗ ರಾಮಯ್ಯನೊಡನೆ. ಹಿರಿಯರ ಹಠ, ಜೋಯಿಸರ ಮಾತು, ಮನೆತನಗಳ ಬಿಗಿ ಎಲ್ಲ ಸೇರಿ ಅವಳನ್ನು ಹಿಂಡಿಹಾಕುತ್ತವೆ. 1967ರ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ ಅದೇ ಮಲೆನಾಡು, ಅಂಥದೇ ಮನೆತನಗಳು. ತಾಯಿಯಿಲ್ಲದ ಚಿನ್ನಮ್ಮನನ್ನು ಅವಳ ಅಪ್ಪ ಸಿಂಬಾವಿ ಭರಮೈಹೆಗ್ಗಡೆಗೆ ಕೊಡಲು ಒಪ್ಪಿದ್ದಾನೆ. ಅವಳು ಬಯಸಿದ್ದು ಮುಕುಂದಯ್ಯನನ್ನು. ಮದುವೆಯ ಕತ್ತಲಲ್ಲಿ, ಐತ–ಪೀಂಚಲು ಎಂಬ ಕೂಲಿಯಾಳು ದಂಪತಿಯ ನೆರವಿನಿಂದ ಕಾಡು ಹೊಗುತ್ತಾಳೆ. ಭಾಗೀರತಿಯ ಗೆಳತಿ ಕೊಟ್ಟದ್ದು ಉಪದೇಶ, ಪೀಂಚಲು ಕೊಟ್ಟದ್ದು ದಾರಿ. ಮಗಳ ಪರವಾಗಿ ನಿಂತವರು ಜಾತಿಯಲ್ಲೂ ಅಂತಸ್ತಿನಲ್ಲೂ ಆ ಮನೆಯ ಹೊರಗಿನವರು ಎಂಬುದನ್ನು ಗಮನಿಸಬೇಕು. ಮರ್ಯಾದೆಯ ಹೊರೆ ಇಲ್ಲದವರಿಗೆ ಕೈ ಹಿಡಿದು ನಡೆಸಲು ಕೈ ಖಾಲಿ ಇರುತ್ತದೆ.

ತಾಯಂದಿರ ವಿಷಯ ಎತ್ತದೆ ಹೋದರೆ ಅಪ್ಪಂದಿರಿಗೆ ಅನ್ಯಾಯವಾದೀತು. ವೈದೇಹಿಯವರ ‘ಅಮ್ಮಚ್ಚಿಯೆಂಬ ನೆನಪು’ ಕಥೆಯ ತಾಯಿಗೆ ಮನೆಯಲ್ಲಿ ಗಂಡು ದಿಕ್ಕು ಇಲ್ಲದ ಭಯ. ಆ ಭಯದಲ್ಲಿ ಅವಳು ವೆಂಕಪ್ಪಯ್ಯನನ್ನು ನೆಚ್ಚುತ್ತಾಳೆ. ಅವನು ಅಮ್ಮಚ್ಚಿಯ ಉಡುಗೆಯ ಮೇಲೆ, ಓಡಾಟದ ಮೇಲೆ, ನಗೆಯ ಮೇಲೆ ಕಾವಲು ಕೂರುತ್ತಾನೆ. ತಾಯಿ ಮಗಳಿಗೆ ಶತ್ರುವಲ್ಲ. ತನ್ನ ಅಭದ್ರತೆಯನ್ನು ಮಗಳ ಕೊರಳಿಗೆ ಕಟ್ಟುವ ತಾಯಿ ಅವಳು. ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದಲ್ಲಿ ಇನ್ನೂ ಸೂಕ್ಷ್ಮವಿದೆ. ಬಾಲ್ಯದಲ್ಲೇ ವಿಧವೆಯಾದ ಮಗಳಿಗಾಗಿ ಆ ಮನೆ ಅಳುತ್ತದೆ. ಅಳುತ್ತಲೇ, ಮೈನೆರೆದಾಗ ಅವಳ ತಲೆ ಬೋಳಿಸುತ್ತದೆ. ಆದರೆ ಅದೇ ಫಣಿಯಮ್ಮ ತಾನು ಹಿರಿಯಳಾದಾಗ ಏನು ಮಾಡಿದಳು? ಕೇಶಮುಂಡನಕ್ಕೆ ಒಪ್ಪದೆ ತಿರುಗಿಬಿದ್ದ ದಾಕ್ಷಾಯಣಿ ಎಂಬ ಎಳೆಯ ವಿಧವೆಯ ಪರವಾಗಿ ನಿಂತಳು. ತನಗಾದದ್ದು ಇವಳಿಗೂ ಆಗಲಿ ಎನ್ನದ ಹಿರಿಯರು ನಮ್ಮ ಸಾಹಿತ್ಯದಲ್ಲಿ ಎಷ್ಟು ಮಂದಿ ಇದ್ದಾರೆ, ಹುಡುಕಿ ನೋಡಿ.

ಕೊನೆಗೆ ನನಗೆ ಅತ್ಯಂತ ಕಷ್ಟದ ಹಿರಿಯನ ಬಳಿಗೆ ಬರುತ್ತೇನೆ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’, 1965. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಯರನ್ನು ದ್ವೇಷಿಸುವುದು ಯಾರಿಂದಲೂ ಸಾಧ್ಯವಿಲ್ಲ. ವಿದ್ವಾಂಸರು, ಇಂದ್ರಿಯ ನಿಗ್ರಹ ಉಳ್ಳವರು, ದಾನಿಗಳು. ಮಗ ಕಪಿಲೆಯಲ್ಲಿ ಮುಳುಗಿ ಸತ್ತಮೇಲೆ ಸೊಸೆ ಕಾತ್ಯಾಯನಿಯನ್ನು ಮೈಸೂರಿನ ಕಾಲೇಜಿಗೆ ಕಳಿಸಿ ಓದಿಸುವಷ್ಟು ಉದಾರಿಗಳು. ಅವಳು ಅಲ್ಲಿ ರಾಜನನ್ನು ಒಲಿದು ಮದುವೆಯಾಗುತ್ತಾಳೆ, ಮಗು ಚೀನಿ ಮಾವನ ಮನೆಯಲ್ಲಿ ಉಳಿಯುತ್ತದೆ. ಮಗುವನ್ನು ಕೇಳಲು ಬಂದಾಗ ಶ್ರೋತ್ರಿಯರು ಗದರಿಸುವುದಿಲ್ಲ, ಬಾಗಿಲು ಹಾಕುವುದಿಲ್ಲ. ತೀರ್ಮಾನವನ್ನು ಅವಳಿಗೇ ಬಿಡುತ್ತಾರೆ. ಅವಳು ಬರಿಗೈಲಿ ಹಿಂದಿರುಗುತ್ತಾಳೆ.

ನಮ್ಮ ವಿಮರ್ಶೆ ಇದನ್ನು ಶ್ರೋತ್ರಿಯರ ಔನ್ನತ್ಯವೆಂದು ಬಹಳ ಸಲ ಕೊಂಡಾಡಿದೆ. ನನಗೆ ಇದು ಇಡೀ ಕನ್ನಡ ಕಾದಂಬರಿಯಲ್ಲಿ ಅತ್ಯಂತ ಪರಿಣಾಮಕಾರಿಯಾದ ಒತ್ತಾಯವೆಂದು ತೋರುತ್ತದೆ. ಬೈಯುವ ಮಾವನಿಂದ ಮಗುವನ್ನು ಕಿತ್ತುಕೊಂಡು ಓಡಬಹುದು. ನೀನೇ ಯೋಚಿಸಮ್ಮ ಎನ್ನುವ ಮಾವನ ಎದುರು, ಅವಳು ಅವರ ನ್ಯಾಯದಿಂದಲೇ ತನ್ನನ್ನು ತೂಗಿಕೊಂಡು ಕಡಿಮೆ ಬಿದ್ದಳು. ಮುಂದೆ ಲೇಖಕರೂ ಮಾವನ ಕಡೆಯೇ ನಿಲ್ಲುತ್ತಾರೆ. ಅವಳಿಗೆ ಗರ್ಭಗಳು ನಿಲ್ಲುವುದಿಲ್ಲ. ಅವಳಿರುವ ಕಾಲೇಜಿಗೇ ಓದಲು ಬಂದ ಮಗ ಅವಳನ್ನು ತಾಯಿಯೆಂದು ಒಪ್ಪುವುದಿಲ್ಲ. ಕೊರಗಿ ಸಾಯುತ್ತಾಳೆ. ಇತ್ತ ಶ್ರೋತ್ರಿಯರಿಗೆ ತಾವು ಕಾಪಾಡಿಕೊಂಡು ಬಂದ ವಂಶಕ್ಕೆ ತಾವೇ ಹುಟ್ಟಿದವರಲ್ಲ ಎಂದು ತಿಳಿಯುತ್ತದೆ. ಭೈರಪ್ಪನವರು ಪ್ರಾಮಾಣಿಕ ಕಲಾವಿದರು, ಆ ಸತ್ಯವನ್ನು ಮುಚ್ಚಿಡಲಿಲ್ಲ. ಆದರೆ ಆ ಸತ್ಯ ಬಿಡಿಸಿದ್ದು ಶ್ರೋತ್ರಿಯರನ್ನು, ಅವರು ಸನ್ಯಾಸಕ್ಕೆ ಹೊರಟರು. ಕಾತ್ಯಾಯನಿಯ ಪಾಲಿಗೆ ಅದು ತಡವಾಯಿತು. ಇಂದಿರೆಗೆ 1899ರಲ್ಲಿ ಸಿಕ್ಕ ಸುಖವನ್ನು ಕಾತ್ಯಾಯನಿಗೆ 1965ರಲ್ಲಿ ಕೊಡಲಾಗಲಿಲ್ಲ ಎಂದರೆ, ಆ ಅರುವತ್ತಾರು ವರ್ಷಗಳಲ್ಲಿ ನಮ್ಮ ಕಾದಂಬರಿ ಕಲೆಯಾಗಿ ಬೆಳೆದದ್ದು ನಿಜ. ಬೆಳೆದಂತೆಲ್ಲ ಹಿರಿಯರನ್ನು ಅರ್ಥಮಾಡಿಕೊಳ್ಳುವುದರಲ್ಲಿ ಪಳಗಿತು, ಆ ಅರ್ಥೈಸುವಿಕೆಯ ಖರ್ಚನ್ನು ನಾಯಕಿಯ ಹೆಸರಿಗೆ ಬರೆಯಿತು. ಈ ಮಾತನ್ನು ಒಪ್ಪದವರು ಇಲ್ಲೇ ಇದ್ದಾರೆ, ಅವರ ಮುಖ ನನಗೆ ಕಾಣುತ್ತಿದೆ. ಚಹಾದ ಹೊತ್ತಿಗೆ ಜಗಳವಾಡೋಣ.

ಒಳ್ಳೆಯ ಹಿರಿಯನ ಎದುರು ನಾಯಕಿ ಹೇಗೆ ನಿಲ್ಲಬಹುದು ಎಂಬುದಕ್ಕೆ ನನಗೆ ಹೊಳೆಯುವ ಉದಾಹರಣೆ ಕನ್ನಡದ್ದಲ್ಲ, ಹೆನ್ರಿ ಜೇಮ್ಸ್‌ನ ‘ವಾಷಿಂಗ್ಟನ್ ಸ್ಕ್ವೇರ್’, 1880ರದ್ದು. ನ್ಯೂಯಾರ್ಕಿನ ಡಾಕ್ಟರ್ ಸ್ಲೋಪರ್ ಬುದ್ಧಿವಂತ, ಹೆಸರುವಾಸಿ ವೈದ್ಯ, ವಿಧುರ. ಒಬ್ಬಳೇ ಮಗಳು ಕ್ಯಾಥರೀನ್ ಮಂಕು ಹುಡುಗಿ ಎಂಬುದು ಅವನ ಅಭಿಪ್ರಾಯ, ಅದನ್ನು ಅವನು ಮುಚ್ಚಿಡುವುದೂ ಇಲ್ಲ. ಮಾರಿಸ್ ಟೌನ್‌ಸೆಂಡ್ ಎಂಬ ಚೆಲುವ ಅವಳನ್ನು ಮೆಚ್ಚಿ ಬರುತ್ತಾನೆ. ಅವನು ಆಸ್ತಿಗಾಗಿ ಬಂದವನು ಎಂದು ಡಾಕ್ಟರು ಮೊದಲ ನೋಟಕ್ಕೇ ಹೇಳುತ್ತಾನೆ. ಅವನು ಹೇಳಿದ್ದು ಸರಿ. ಅಪ್ಪನ ಹಣ ಬರುವುದಿಲ್ಲವೆಂದು ಖಾತ್ರಿಯಾದಾಗ ಟೌನ್‌ಸೆಂಡ್ ಕೈಬಿಟ್ಟು ಹೋಗುತ್ತಾನೆ. ನಮ್ಮ ಲೆಕ್ಕದಲ್ಲಿ ಇಂಥ ಅಪ್ಪ ಗೆದ್ದ ಅಪ್ಪ, ಮಗಳನ್ನು ಕಾಪಾಡಿದವನು. ಜೇಮ್ಸ್ ತೋರಿಸುವುದು ಮಾತ್ರ ಬೇರೆ. ಮಗಳ ಮೊದಲ ಪ್ರೀತಿಯನ್ನು ಒಂದು ಕುತೂಹಲದ ರೋಗವೆಂಬಂತೆ ಗಮನಿಸುತ್ತ ಕೂತವನ ತಣ್ಣನೆಯ ವ್ಯಂಗ್ಯವನ್ನು ಅವಳು ಕಂಡುಬಿಟ್ಟಳು. ಟೌನ್‌ಸೆಂಡ್ ಮುರಿದದ್ದು ಅವಳ ಪ್ರೀತಿಯನ್ನು, ಅಪ್ಪ ಮುರಿದದ್ದು ಅವಳ ವಿಶ್ವಾಸವನ್ನು.

ವರ್ಷಗಳು ಕಳೆಯುತ್ತವೆ. ಕ್ಯಾಥರೀನ್ ಬೇರೆ ಮದುವೆಯಾಗುವುದಿಲ್ಲ. ವಯಸ್ಸಾದ ಡಾಕ್ಟರು ಒಂದು ದಿನ ಅವಳಿಂದ ಮಾತು ಕೇಳುತ್ತಾನೆ: ತಾನು ಸತ್ತಮೇಲೆ ಟೌನ್‌ಸೆಂಡ್‌ನನ್ನು ಮದುವೆಯಾಗುವುದಿಲ್ಲ ಎಂದು ಭಾಷೆ ಕೊಡು. ಅವಳಿಗೆ ಆ ಮನುಷ್ಯನ ಆಸೆ ಉಳಿದಿಲ್ಲ. ‘ಹೂಂ’ ಅಂದರೆ ಖರ್ಚೇನೂ ಇಲ್ಲ, ಆಸ್ತಿ ಪೂರ್ತಿ ಕೈಗೆ ಬರುತ್ತದೆ, ಸಾಯುವ ಅಪ್ಪನಿಗೆ ನೆಮ್ಮದಿ. ಅವಳು ಒಪ್ಪುವುದಿಲ್ಲ. ಕಾರಣ ವಿವರಿಸುವುದೂ ಇಲ್ಲ, ಭಾಷೆ ಕೊಡಲಾರೆ ಎಂದಷ್ಟೇ ಹೇಳುತ್ತಾಳೆ. ಡಾಕ್ಟರು ಉಯಿಲು ತಿದ್ದಿ ಅವಳ ಪಾಲಿನ ಬಹುಭಾಗವನ್ನು ಆಸ್ಪತ್ರೆಗಳಿಗೂ ವೈದ್ಯಶಾಲೆಗಳಿಗೂ ಬಿಟ್ಟು ಸಾಯುತ್ತಾನೆ, ಜೊತೆಗೆ ಅವಳನ್ನು ಚುಚ್ಚುವ ಒಂದು ವಾಕ್ಯವನ್ನೂ ಸೇರಿಸಿರುತ್ತಾನೆ. ದಾವೆ ಹೂಡು ಎಂದು ಸೋದರತ್ತೆ ಹುರಿದುಂಬಿಸಿದಾಗ ಕ್ಯಾಥರೀನ್ ಹೇಳುವುದು ಇಷ್ಟೇ: ಉಯಿಲು ತನಗೆ ಹಿಡಿಸಿದೆ, ಅದರ ಮಾತಿನ ಜೋಡಣೆ ಸ್ವಲ್ಪ ಬೇರೆ ಇದ್ದಿದ್ದರೆ ಚೆನ್ನಾಗಿತ್ತು.